ಬಿಳಿಬಾಲದ ಜಿಂಕೆಗೆ ಟ್ರೀ ಸ್ಟ್ಯಾಂಡ್ ಎಲ್ಲಿ ಕಟ್ಟಬೇಕು?

ಪ್ರಶ್ನೆ: ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ರಾಜ್ಯದ ನೈಋತ್ಯ ಭಾಗದಲ್ಲಿ ಗೆಳೆಯರೊಬ್ಬರ 60 ಎಕರೆ ಜಮೀನಿದೆ. ತಗ್ಗಿನಲ್ಲಿ ಮೆಕ್ಕೆಜೋಳದ ಹೊಲ. ಹೊಲದ ಪಶ್ಚಿಮಕ್ಕೆ ಓಕ್ ಕಾಡಿನ ಗುಡ್ಡ, ನೆತ್ತಿಯವರೆಗೂ ಅವರದೇ. ಹೊಲಕ್ಕೂ ಗುಡ್ಡಕ್ಕೂ ನಡುವೆ ದಕ್ಷಿಣಕ್ಕೆ ಹರಿಯುವ ಸಣ್ಣ ಹಳ್ಳ. ಹಂಟರ್ ಎಜುಕೇಶನ್ ಮುಗಿಸಿ, ಲೈಸೆನ್ಸ್ ತೆಗೆದುಕೊಂಡು, ಹೋದ ಸೀಸನ್‌ನಲ್ಲಿ ಮೊದಲ ಸಲ ಬಿಲ್ಲು ಹಿಡಿದು ಕೂತೆ. ಗುಡ್ಡದಿಂದ ಇಳಿಯುವ ದೊಡ್ಡ ಜಾಡು ಹಳ್ಳ ದಾಟಿ ಹೊಲ ಸೇರುವಲ್ಲಿ, ಅಂಚಿನ ಮರಕ್ಕೆ ಸ್ಟ್ಯಾಂಡ್ (ಮರದ ಮೇಲೆ ಕೂತು ಕಾಯುವ ಸಣ್ಣ ಅಟ್ಟಣೆ) ಕಟ್ಟಿದ್ದೆ. ಕಾರನ್ನು ಪೂರ್ವದ ರಸ್ತೆಯಲ್ಲಿ ನಿಲ್ಲಿಸಿ, ಹೊಲ ದಾಟಿ ಹೋಗುತ್ತೇನೆ. ಹೊಲದ ಅಂಚಿನಲ್ಲಿ ಕಟ್ಟಿದ, ಪ್ರಾಣಿ ಸುಳಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾದಲ್ಲಿ ರಾತ್ರಿ ಜಿಂಕೆಗಳು ಸಾಲಾಗಿ ಬರುತ್ತವೆ. ನಾನು ಕೂತಾಗ ಬರುವುದಿಲ್ಲ. ಬಂದರೂ ಬುಸ್ ಅಂತ ಸದ್ದು ಮಾಡಿ ಬಾಲ ಎತ್ತಿ ಓಡುತ್ತವೆ. ಒಳ್ಳೆ ಮರ ಆರಿಸುವುದು ಹೇಗೆ?

ಉತ್ತರ: ನೀವು ಜಾಗದ ವಿವರ ಇಷ್ಟು ಚೆನ್ನಾಗಿ ಬರೆದಿದ್ದೀರಿ ಅಂದರೆ ಅರ್ಧ ಉತ್ತರ ಅದರಲ್ಲೇ ಸಿಕ್ಕಿತು. ಜಿಂಕೆ ಇರುವ ಜಾಗ ನಿಮಗೆ ಸಿಕ್ಕಿದೆ. ಜಾಡೂ ಸರಿಯಾಗಿದೆ. ತೊಂದರೆ ಇರುವುದು ಮರ ಆರಿಸಿದ ಕ್ರಮದಲ್ಲಿ. ನೀವು ಮೊದಲು ಮರ ನೋಡಿದ್ದೀರಿ, ಆಮೇಲೆ ಅಲ್ಲಿಗೆ ಹೋಗುವ ದಾರಿ. ಗಾಳಿಯ ಮಾತು ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಇದನ್ನು ಪೂರ್ತಿ ತಿರುಗಿಸಿ. ಮೊದಲು ಗಾಳಿ, ಆಮೇಲೆ ನೀವು ಬಂದು ಹೋಗುವ ದಾರಿ, ಎಲ್ಲಕ್ಕಿಂತ ಕೊನೆಗೆ ಮರ.

ಓದುವ ಉಳಿದವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದೆಲ್ಲ ಅಮೆರಿಕದ ಕಾನೂನಿನೊಳಗೆ, ಸೀಸನ್‌ನಲ್ಲಿ, ಲೈಸೆನ್ಸ್ ಇದ್ದು ಮಾಡುವ ಬೇಟೆಯ ವಿಷಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ.

ನೀವು ಕೇಳಿದ ಆ ‘ಬುಸ್’ ಸದ್ದಿನಿಂದ ಶುರು ಮಾಡೋಣ. ಜಿಂಕೆ ಮೂಗಿನಿಂದ ಗಾಳಿಯನ್ನು ಜೋರಾಗಿ ಹೊರಹಾಕಿದಾಗ ಬರುವ ಸದ್ದು ಅದು. ಸುತ್ತಲಿನ ಎಲ್ಲ ಜಿಂಕೆಗಳಿಗೂ ಎಚ್ಚರಿಕೆ. ಕಣ್ಣಿಗೆ ಏನೋ ಅನುಮಾನ ಬಂದರೆ ಜಿಂಕೆ ಸಾಮಾನ್ಯವಾಗಿ ನಿಲ್ಲುತ್ತದೆ, ಕತ್ತು ಆಡಿಸುತ್ತದೆ, ಮುಂಗಾಲು ನೆಲಕ್ಕೆ ಬಡಿಯುತ್ತದೆ, ಎರಡನೇ ಸಲ ನೋಡುತ್ತದೆ. ಮೂಗಿಗೆ ಮನುಷ್ಯನ ವಾಸನೆ ಬಂದರೆ ಎರಡನೇ ಯೋಚನೆ ಇಲ್ಲ, ಓಟವೇ. ನಿಮ್ಮ ಜಿಂಕೆಗಳು ಬುಸ್ ಅಂದು ನೇರ ಓಡುತ್ತಿವೆ ಅಂದರೆ ನಿಮ್ಮನ್ನು ಅವು ನೋಡಿದ್ದಕ್ಕಿಂತ ಮೂಸಿದ್ದೇ ಜಾಸ್ತಿ. ವಾಸನೆ ತಡೆಯುವ ಬಟ್ಟೆ, ಸ್ಪ್ರೇ, ಸೋಪು ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ರಬ್ಬರ್ ಬೂಟು ಹಾಕಿ, ಬಟ್ಟೆ ಶುದ್ಧವಾಗಿಡಿ, ಅಷ್ಟು ಸಾಕು. ಆ ಮೂಗನ್ನು ಪೂರ್ತಿ ಮೋಸ ಮಾಡುವ ಸಾಮಾನು ಯಾವುದೂ ಇಲ್ಲ ಅಂತಲೇ ನಾನು ನಂಬಿರುವುದು. ವಾಸನೆಯನ್ನು ಅಳಿಸಲು ಹೋಗಬೇಡಿ. ಅದು ಎಲ್ಲಿಗೆ ಹೋಗಬೇಕು ಅಂತ ನೀವು ತೀರ್ಮಾನಿಸಿ.

ನೀವಿರುವ ಕಡೆ ಡ್ರಿಫ್ಟ್‌ಲೆಸ್ ಪ್ರದೇಶ. ಹಿಮಯುಗದ ಹಿಮನದಿಗಳು ಉಜ್ಜಿ ಸಮ ಮಾಡದೆ ಬಿಟ್ಟ ನಾಡು. ಅದಕ್ಕೇ ಅಲ್ಲಿ ಇಷ್ಟೊಂದು ಕಡಿದಾದ ಗುಡ್ಡ, ಕೊರಕಲು, ಕಣಿವೆ. ಇಂಥ ಕಡೆ ಫೋನಿನಲ್ಲಿ ‘ಪಶ್ಚಿಮದ ಗಾಳಿ’ ಅಂತ ನೋಡಿ ಮರ ಹತ್ತಿದರೆ ಆಗಲ್ಲ. ಅದು ಗುಡ್ಡದ ಮೇಲಿನ ಮಾತು. ಕೆಳಗೆ ಇನ್ನೊಂದು ಗಾಳಿ ಇದೆ, ಬೇಟೆಗಾರರು ಅದನ್ನು ಥರ್ಮಲ್ ಅನ್ನುತ್ತಾರೆ. ಬಿಸಿಲು ಬಿದ್ದು ಇಳಿಜಾರು ಕಾದಾಗ ನೆಲದ ಪಕ್ಕದ ಗಾಳಿ ಹಗುರಾಗಿ ಮೇಲಕ್ಕೆ ಏರುತ್ತದೆ. ಬಿಸಿಲು ಹೋದ ಮೇಲೆ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಇಳಿಯುತ್ತದೆ. ಇಳಿದು ಕೊರಕಲು ಸೇರುತ್ತದೆ, ಕೊರಕಲಿನಿಂದ ಹಳ್ಳ, ಹಳ್ಳದ ಜೊತೆ ಕೆಳಗೆ. ಜೋರು ಗಾಳಿ ಇದ್ದ ದಿನ ಇದು ಅಷ್ಟಾಗಿ ಗೊತ್ತಾಗಲ್ಲ. ಆದರೆ ಬೇಟೆಗೆ ಒಳ್ಳೆಯದಾದ ಶಾಂತ, ತಣ್ಣನೆಯ ಬೆಳಗು-ಸಂಜೆಗಳಲ್ಲಿ ಇದರದ್ದೇ ಆಟ.

ಈಗ ನಿಮ್ಮ ಮರವನ್ನು ನೋಡೋಣ. ಗುಡ್ಡ ಹೊಲದ ಪಶ್ಚಿಮಕ್ಕಿದೆ, ಅಂದರೆ ನಿಮ್ಮ ಎದುರಿನ ಇಳಿಜಾರು ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಮೊದಲು ಬೀಳುವುದೇ ಅಲ್ಲಿ. ಸೂರ್ಯ ಬಂದ ಸ್ವಲ್ಪ ಹೊತ್ತಿಗೆ ಗಾಳಿ ಏರಲು ಶುರುವಾಗಿ, ಬುಡದಲ್ಲಿ ಕೂತ ನಿಮ್ಮ ವಾಸನೆಯನ್ನು ನೇರ ಮೇಲಕ್ಕೆ, ಜಿಂಕೆ ಮಲಗಲು ಹೋಗುವ ಕಡೆಗೆ ಒಯ್ಯುತ್ತದೆ. ಸಂಜೆ ಇದರ ಉಲ್ಟಾ. ಸೂರ್ಯ ಗುಡ್ಡದ ಹಿಂದೆ ಬೇಗ ಮರೆಯಾಗುತ್ತಾನೆ, ಕತ್ತಲಾಗಲು ಇನ್ನೂ ಎಷ್ಟೋ ಹೊತ್ತು ಇರುವಾಗಲೇ ಆ ಇಳಿಜಾರು ನೆರಳಿಗೆ ಬರುತ್ತದೆ. ಗಾಳಿ ಇಳಿಯಲು ಶುರು. ನಿಮ್ಮ ವಾಸನೆ ಹೊಲದ ಮೇಲೆ ಹರಡುತ್ತದೆ. ಬೇರೆ ಮೂಲೆಗಳಿಂದ ಹೊಲಕ್ಕೆ ಬಂದ ಹೆಣ್ಣು ಜಿಂಕೆಗಳು ಅದರೊಳಗೇ ನಡೆದು ಬರುತ್ತವೆ. ಒಂದು ಬುಸ್ ಅಂದರೆ ಮುಗೀತು, ಆ ಸಂಜೆ ಗುಡ್ಡದಿಂದ ಯಾವುದೂ ಇಳಿಯಲ್ಲ. ಬೆಳಗ್ಗೆ ಒಂದು ತಪ್ಪು, ಸಂಜೆ ಇನ್ನೊಂದು. ಅದೇ ಮರದಲ್ಲಿ ಕೂತು ಇದನ್ನು ಸರಿ ಮಾಡಲು ಆಗಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಬಹುದು. ಮಿಲ್ಕ್‌ವೀಡ್ ಅಂತ ಗಿಡ ಇದೆ, ನಮ್ಮ ಎಕ್ಕದ ಕುಟುಂಬದ್ದೇ. ಶರತ್ಕಾಲದಲ್ಲಿ ಅದರ ಕಾಯಿ ಒಡೆದು ಒಳಗಿಂದ ರೇಷ್ಮೆಯಂಥ ಬಿಳಿ ಎಳೆ ಅಂಟಿದ ಬೀಜ ಹೊರಬರುತ್ತವೆ. ಒಂದೆರಡು ಕಾಯಿ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಸ್ಟ್ಯಾಂಡಿನಿಂದ ಒಂದು ಎಳೆ ಬಿಟ್ಟು ನೋಡಿ. ಗಾಳಿಯ ದಿಕ್ಕು ನೋಡಲು ಬಳಸುವ ಪೌಡರ್ ಬಾಟಲಿ ಒತ್ತಿದರೆ ನಾಲ್ಕು ಅಡಿ ದೂರದ ಗಾಳಿ ಮಾತ್ರ ಗೊತ್ತಾಗುತ್ತದೆ. ಈ ಎಳೆ ನೂರು ಗಜದವರೆಗೂ ಕಾಣುತ್ತದೆ. ಮರದಿಂದ ಹೊರಟು ನೆಟ್ಟಗೆ ಹೋಗುತ್ತಿದ್ದದ್ದು ಕೊರಕಲಿನ ಬಾಯಿಗೆ ಬಂದ ಕೂಡಲೇ ಗಕ್ಕನೆ ಎಡಕ್ಕೆ ತಿರುಗುತ್ತದೆ. ಒಂದು ಕಡೆ ಸುಮ್ನೆ ನಿಂತುಬಿಡುತ್ತದೆ, ಆಮೇಲೆ ನಿಧಾನವಾಗಿ ಸುತ್ತಿ ನಿಮ್ಮ ಬೆನ್ನ ಹಿಂದೆಯೇ ವಾಪಸ್ ಬರುತ್ತದೆ. ಮಧ್ಯಾಹ್ನ 3 ಗಂಟೆಗೆ ಮೇಲಕ್ಕೆ ತೇಲುತ್ತಿದ್ದ ಎಳೆ, ನೆರಳು ನಿಮ್ಮ ಮರ ದಾಟಿದ ಮೇಲೆ ಅಲ್ಲೇ ತೂಗಾಡುತ್ತದೆ, ಮುಂದಿನದು ಕೆಳಕ್ಕೆ ಇಳಿಯುತ್ತದೆ. ಆ ಬದಲಾಗುವ ಹೊತ್ತು ಯಾವುದು ಅಂತ ಪ್ರತಿ ಮರಕ್ಕೂ ತಿಳಿದಿಟ್ಟುಕೊಳ್ಳಿ. ಎಳೆ ಪದೇ ಪದೇ ಸುತ್ತಿ ಬರುವ ಜಾಗ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ. ಕಣಿವೆಯ ತಳ ಸಾಮಾನ್ಯವಾಗಿ ಹೀಗೇ.

ಇನ್ನು ಜಿಂಕೆ ಎಲ್ಲಿ ಮಲಗುತ್ತದೆ ಅನ್ನುವುದು. ಗುಡ್ಡಗಾಡಿನಲ್ಲಿ ದೊಡ್ಡ ಗಂಡು ಇಷ್ಟಪಡುವ ಜಾಗ ಗಾಳಿಮರೆಯ ಇಳಿಜಾರಿನ ಮೇಲಿನ ಮೂರನೇ ಒಂದು ಭಾಗ. ನೆತ್ತಿ ದಾಟಿ ಬರುವ ಗಾಳಿ ಬೆನ್ನ ಹಿಂದಿನ ಸುದ್ದಿ ತರುತ್ತದೆ, ಬಿಸಿಲಿಗೆ ಏರುವ ಗಾಳಿ ಕೆಳಗಿನ ಸುದ್ದಿ ತರುತ್ತದೆ, ಕಣ್ಣಿಗೆ ಇಡೀ ಕಣಿವೆ ಕಾಣುತ್ತದೆ. ಪಶ್ಚಿಮ ಅಥವಾ ವಾಯವ್ಯದ ಗಾಳಿ ಇದ್ದಾಗ ನಿಮ್ಮ ಗುಡ್ಡದ ಗಾಳಿಮರೆ ಈ ಪೂರ್ವದ ಇಳಿಜಾರೇ. ಶರತ್ಕಾಲದಲ್ಲಿ ತಣ್ಣನೆಯ ಹವೆ ಬಂದಾಗ ಅಲ್ಲಿ ಬೀಸುವುದು ಹೆಚ್ಚಾಗಿ ಆ ದಿಕ್ಕಿನಿಂದ. ಹಾಗಾಗಿ ನಿಮ್ಮ ಜಿಂಕೆಗಳು ಹಗಲೆಲ್ಲ ಅಲ್ಲೇ ಮೇಲೆ ಮಲಗಿ, ನೀವು ಹೊಲ ದಾಟಿ ಬರುವುದನ್ನು ನೋಡುತ್ತಿರುವ ಸಾಧ್ಯತೆ ತುಂಬಾ ಇದೆ.

ಖಚಿತ ಮಾಡಿಕೊಳ್ಳಲು ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ, ಹಿಮ ಕರಗಿ ಎಲೆ ಚಿಗುರುವ ಮುಂಚೆ ನಡೆದು ನೋಡಿ. ನನ್ನ ಮಟ್ಟಿಗೆ ಬೇಟೆಯ ಅತ್ಯಂತ ಖುಷಿಯ ದಿನಗಳು ಅವೇ. ಹೋದ ಸೀಸನ್ನಿನ ಎಲ್ಲ ಗುರುತೂ ನೆಲದಲ್ಲಿ ಹಾಗೇ ಇರುತ್ತದೆ, ನೀವು ಎಲ್ಲಿ ಓಡಾಡಿದರೂ ಶರತ್ಕಾಲದ ಹೊತ್ತಿಗೆ ಜಿಂಕೆ ಮರೆತಿರುತ್ತದೆ. ಹಕ್ಕೆಗಳನ್ನು ಹುಡುಕಿ: ಎಲೆ ಒತ್ತಿಹೋಗಿ ಮೊಟ್ಟೆಯಾಕಾರದಲ್ಲಿ ತಗ್ಗಾದ ಜಾಗ. ದೊಡ್ಡದು, ಚಿಕ್ಕದು ಅಂತ ನಾಲ್ಕೈದು ಒಟ್ಟಿಗಿದ್ದರೆ ಹೆಣ್ಣು, ಮರಿಗಳ ಗುಂಪು. ಬಿದ್ದ ಮರದ ಪಕ್ಕ ಒಂದೇ ದೊಡ್ಡದು, ಸುತ್ತ ಗಿಡಗಳ ಕಾಂಡದಲ್ಲಿ ಕೊಂಬು ಉಜ್ಜಿ ಸಿಪ್ಪೆ ಸುಲಿದ ಗುರುತು, ಅಂದರೆ ಗಂಡು. ಕೊಂಬು ಉಜ್ಜಿದ ಗುರುತುಗಳು ಸಾಲಾಗಿದ್ದರೆ ಯಾವ ಪಕ್ಕ ಸುಲಿದಿದೆ ನೋಡಿ. ಗುಡ್ಡದ ಮೇಲ್ಕಡೆಗೆ ಮುಖ ಮಾಡಿದ್ದರೆ ಆ ಗಂಡು ಸಾಮಾನ್ಯವಾಗಿ ಸಂಜೆ ಇಳಿಯುವಾಗ ಉಜ್ಜಿದ್ದು. ಕಾಲಿನಿಂದ ಕೆರೆದ ನೆಲವೂ ಸಿಗುತ್ತದೆ. ಅದರ ಮೇಲೆ ನಾಲ್ಕೈದು ಅಡಿ ಎತ್ತರದಲ್ಲಿ ಬಾಗಿದ ಕೊಂಬೆಯೊಂದು ಇರಲೇಬೇಕು. ತುದಿ ಮುರಿದು, ಕಚ್ಚಿ ನಾರು ನಾರಾಗಿರುತ್ತದೆ. ಹೊಲದ ಅಂಚಿನ ಕೆರೆತಗಳಿಗೆ ಮರುಳಾಗಬೇಡಿ, ಅಲ್ಲಿಗೆ ಗಂಡು ಬರುವುದು ಹೆಚ್ಚಾಗಿ ಕತ್ತಲಲ್ಲಿ. ಕಾಡಿನೊಳಗೆ, ಹಕ್ಕೆಗೆ ಹತ್ತಿರ ಇರುವ ಕೆರೆತಕ್ಕೆ ಹತ್ತು ಪಟ್ಟು ಬೆಲೆ.

ನಿಮ್ಮ ಕ್ಯಾಮೆರಾ ಹೇಳುತ್ತಿರುವುದೂ ಇದನ್ನೇ ಅಲ್ವಾ? ಜಿಂಕೆ ಆ ಜಾಡಿನಲ್ಲೇ ಬರುತ್ತದೆ, ಆದರೆ ಹೊಲದ ಅಂಚು ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ. ದೊಡ್ಡ ಗಂಡುಗಳು ಹೊಲಕ್ಕೆ ಕಾಲಿಡುವ ಮುಂಚೆ 50–100 ಗಜ ಒಳಗೇ, ಪೊದೆಗಳ ನಡುವೆ ಸುಳಿದಾಡಿ ಬೆಳಕು ಹೋಗುವವರೆಗೆ ಕಾಯುತ್ತವೆ. ನೀವು ಕೂರಬೇಕಾದದ್ದು ಅಲ್ಲಿ. ಅದಕ್ಕಿಂತ ಮೇಲೆ, ಹಕ್ಕೆಯ ಮಗ್ಗುಲಿಗೇ ಹೋಗುವುದು ಅನುಭವ ಆದ ಮೇಲೆ ಮಾಡುವ ಕೆಲಸ. ಸದ್ದು ಮಾಡಿ ಒಂದು ಸಲ ಎಬ್ಬಿಸಿದರೆ ಆ ಗಂಡು ಜಾಗವನ್ನೇ ಬಿಡಬಹುದು.

ಈಗ ದಾರಿ. ಇದರ ಬಗ್ಗೆ ನಾನು ಸ್ವಲ್ಪ ಹಟದಿಂದ ಮಾತಾಡುತ್ತೇನೆ, ಯಾಕಂದರೆ ಹೊಸಬರ ಬಹುಪಾಲು ಸೀಸನ್‌ಗಳು ಹಾಳಾಗುವುದು ಇಲ್ಲೇ. ಬೆಳಗಿನ ಜಾವ ಕತ್ತಲಲ್ಲಿ ನೀವು ಹೊಲ ದಾಟುವಾಗ ಜಿಂಕೆಗಳು ಎಲ್ಲಿರುತ್ತವೆ? ಹೊಲದಲ್ಲೇ. ಸಂಜೆ ನೀವು ಇಳಿದು ವಾಪಸ್ ಹೊಲ ದಾಟುವಾಗ? ಆಗಲೂ ಹೊಲದಲ್ಲೇ. ನೀವು ಕೂತಿದ್ದ ಹೊತ್ತಿನಲ್ಲಿ ಏನೂ ಕೆಡದಿದ್ದರೂ, ಬಂದು ಹೋಗುವಾಗ ದಿನಕ್ಕೆರಡು ಸಲ ಇಡೀ ಹಿಂಡನ್ನು ಓಡಿಸುತ್ತಿದ್ದೀರಿ. ಹೀಗೆ ಕೆಲವು ಸಲ ಆದರೆ ಅವು ಹಗಲಲ್ಲಿ ಆ ಕಡೆ ತಲೆ ಹಾಕುವುದನ್ನೇ ಬಿಡುತ್ತವೆ. ಜಿಂಕೆ ಕಾಣದಂತೆ, ಕೇಳದಂತೆ, ಮೂಸದಂತೆ ತಲುಪಲು ದಾರಿ ಇಲ್ಲದ ಜಾಗ, ಅಲ್ಲಿ ಎಂಥ ಗುರುತೇ ಇರಲಿ, ಸ್ಟ್ಯಾಂಡಿನ ಜಾಗವೇ ಅಲ್ಲ.

ನಿಮಗೆ ಅದೃಷ್ಟ ಇದೆ, ಹಳ್ಳ ಇದೆ. ಕಾರನ್ನು ರಸ್ತೆಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ನಿಲ್ಲಿಸಿ. ಜಮೀನಿನ ದಕ್ಷಿಣದ ಬೇಲಿ ಹಿಡಿದು ಹಳ್ಳದವರೆಗೆ ಹೋಗಿ, ಅಲ್ಲಿಂದ ಹಳ್ಳದೊಳಗೇ ಉತ್ತರಕ್ಕೆ ನಡೆಯಿರಿ. ದಡ ಮರೆ ಮಾಡುತ್ತದೆ, ನೀರಿನ ಸದ್ದು ಹೆಜ್ಜೆ ಸದ್ದನ್ನು ನುಂಗುತ್ತದೆ, ನೀರಲ್ಲಿ ನಡೆದರೆ ನೆಲದಲ್ಲಿ ವಾಸನೆ ಉಳಿಯಲ್ಲ. ಸಂಜೆಯ ತಣ್ಣನೆ ಗಾಳಿಯೂ ಹಳ್ಳದ ಜೊತೆ ದಕ್ಷಿಣಕ್ಕೇ ಹರಿಯುತ್ತದೆ, ಅಂದರೆ ನಿಮ್ಮ ಬೆನ್ನ ಹಿಂದಕ್ಕೆ. ಆ ದೊಡ್ಡ ಜಾಡು ಹಳ್ಳ ದಾಟುವ ಜಾಗಕ್ಕಿಂತ ಮೇಲೆ, ಇಳಿಜಾರಿನಲ್ಲಿ ಸ್ವಲ್ಪ ಒಳಗೆ, ಜಾಡಿನ ದಕ್ಷಿಣಕ್ಕೆ 15–20 ಗಜ ದೂರದ ಮರ ಹುಡುಕಿ. ವಾಯವ್ಯದ ಗಾಳಿ ನಿಮ್ಮ ವಾಸನೆಯನ್ನು ಆಗ್ನೇಯಕ್ಕೆ ಒಯ್ಯುತ್ತದೆ, ಇಳಿಯುವ ಗಾಳಿ ಹಳ್ಳಕ್ಕೆ ಒಯ್ಯುತ್ತದೆ. ಜಿಂಕೆ ಬರುವುದು ಮೇಲಿಂದ, ವಾಯವ್ಯದ ಕಡೆಯಿಂದ. ಇದು ನಿಮ್ಮ ಸಂಜೆಯ ಮರ, ವಾಯವ್ಯದ ಗಾಳಿಗೆ ಮಾತ್ರ. ದಕ್ಷಿಣದ ಗಾಳಿ ಇದ್ದ ದಿನ ಅದರ ಹತ್ತಿರವೂ ಹೋಗಬೇಡಿ. ಆ ಗಾಳಿಗೆ ಜಾಡಿನ ಉತ್ತರಕ್ಕೆ ಇನ್ನೊಂದು ಮರ ನೋಡಿಡಿ, ಅದಕ್ಕೆ ಬೇರೆ ದಾರಿ ಬೇಕಾಗುತ್ತದೆ. ದಾರಿ ಸಿಗದಿದ್ದರೆ ಆ ದಿನ ಮನೆಯಲ್ಲಿರಿ.

ಒಂದು ಸೂಕ್ಷ್ಮ ಇದೆ. ಗಾಳಿ ಪೂರ್ತಿ ನಮ್ಮ ಪರವಾಗಿರಲಿ ಅಂತ ನಾವು ಬಯಸುತ್ತೇವೆ, ಗಂಡು ಜಿಂಕೆಯೂ ಅದನ್ನೇ ಬಯಸುತ್ತದೆ. ತನ್ನ ಮೂಗಿಗೆ ಏನೂ ಸುದ್ದಿ ತರದ ಗಾಳಿಯಲ್ಲಿ ಅದು ನಡೆಯಲು ಒಪ್ಪುವುದು ಕಡಿಮೆ. ಅದಕ್ಕೇ ಅನುಭವಿಗಳು ಗಾಳಿ ಜಿಂಕೆಗೆ ಹೆಚ್ಚುಕಡಿಮೆ ಅನುಕೂಲವಾಗಿದ್ದು, ತಮ್ಮ ವಾಸನೆ ಮಾತ್ರ ಅದರ ದಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿ ಹೋಗುವ ಜಾಗ ಹುಡುಕುತ್ತಾರೆ. ಕೊರಕಲಿನ ತಲೆ, ಕಡಿದಾದ ದಂಡೆ, ಜಿಂಕೆ ಕಾಲಿಡದ ಕಡೆಗೆ ನಿಮ್ಮ ವಾಸನೆ ಬಿದ್ದು ಹೋಗುವ ಜಾಗಗಳು ಇದಕ್ಕೆ ಬೇಕು. ಮಿಲ್ಕ್‌ವೀಡ್ ಎಳೆಗಳ ಜೊತೆ ಒಂದು ಮಧ್ಯಾಹ್ನ ಕಳೆದರೆ ನಿಮ್ಮ ಜಮೀನಿನಲ್ಲೂ ಇಂಥದ್ದೊಂದು ಸಿಗುತ್ತದೆ.

ಬೆಳಗಿನ ಬೇಟೆಯ ಬಗ್ಗೆ ನನ್ನ ಸಲಹೆ ನೇರ: ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಈ ಜಮೀನಿನಲ್ಲಿ ಬೆಳಗ್ಗೆ ಕೂರಲೇಬೇಡಿ. ಜಿಂಕೆ ಹೊಲದಿಂದ ಹಕ್ಕೆಗೆ ಕತ್ತಲಲ್ಲೇ ಮರಳಿರುತ್ತದೆ. ನಿಮಗೆ ಸಿಗುವುದು ಅದನ್ನು ಎಬ್ಬಿಸುವ ಅವಕಾಶ ಮಾತ್ರ. ನವೆಂಬರ್ ಬಂದಾಗ ಲೆಕ್ಕ ಬದಲಾಗುತ್ತದೆ. ಹಗಲು ಚಿಕ್ಕದಾಗುವುದೇ ಬೆದೆಗೆ ಕರೆ, ಹಾಗಾಗಿ ಚಳಿ ಬೇಗ ಬರಲಿ ತಡವಾಗಲಿ, ಆ ಕಡೆ ಬೆದೆಯ ಭರಾಟೆ ನವೆಂಬರ್ ಮೊದಲ ಅರ್ಧದಲ್ಲೇ. ಗಂಡುಗಳು ಹೊಟ್ಟೆ ಮರೆತು ಹೆಣ್ಣುಗಳ ಹಕ್ಕೆಯಿಂದ ಹಕ್ಕೆಗೆ, ಗಾಳಿಮರೆಯ ಪಕ್ಕ ಮೂಸುತ್ತಾ ದಿನವಿಡೀ ಅಲೆಯುತ್ತವೆ. ಆಗ ಮೇವಿನ ಜಾಡು ಬಿಟ್ಟು, ಅಲೆಯುವ ಜಿಂಕೆಯನ್ನು ನೆಲವೇ ಒಂದು ಕಡೆ ಕೂಡಿಸುವ ಜಾಗಕ್ಕೆ ಹೋಗಿ. ನಿಮ್ಮ ಗುಡ್ಡದ ಏಣಿನಲ್ಲಿ ಎಲ್ಲಾದರೂ ಎರಡು ಎತ್ತರಗಳ ನಡುವೆ ತಗ್ಗು ಇದೆಯಾ ನೋಡಿ. ನೆಲದ ಎತ್ತರ ತೋರಿಸುವ ಕಾಂಟೂರ್ ಗೆರೆ ಇರುವ ಯಾವ ನಕ್ಷೆಯಲ್ಲೂ ಕಾಣುತ್ತದೆ. ಗುಡ್ಡ ದಾಟುವ ಜಿಂಕೆ ಸುಲಭದ ದಾರಿ ಅಂತ ಅಲ್ಲೇ ದಾಟುತ್ತದೆ. ಇಳಿಜಾರಿನ ನಡುವೆ ಮೆಟ್ಟಿಲಿನಂತೆ ಸಮನಾದ ಪಟ್ಟಿ, ಕೊರಕಲಿನ ಮೇಲ್ತುದಿ, ಬೇಲಿ ಮುರಿದ ಜಾಗ, ಇವೂ ಹಾಗೇ. ತಗ್ಗಿನ ದಕ್ಷಿಣ ಭುಜದ ಮೇಲೆ, ವಾಯವ್ಯದ ಗಾಳಿಗೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರಿ. ಬೆದೆಯಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 2 ಒಳ್ಳೆಯ ಹೊತ್ತು, ಬಹಳ ಜನ ಆಗಲೇ ಊಟಕ್ಕೆ ಇಳಿದುಹೋಗಿರುತ್ತಾರೆ.

ಓಕ್ ಕಾಡು ಅಂದಿರಿ. ಯಾವ ಓಕ್? ಎಲೆಯ ಅಂಚು ದುಂಡಾಗಿದ್ದರೆ ಬಿಳಿ ಓಕ್ ಗುಂಪು, ಚೂಪಾಗಿ ಮುಳ್ಳಿನಂತೆ ಮುಗಿದರೆ ಕೆಂಪು ಓಕ್. ಬಿಳಿ ಓಕ್‌ನ ಕಾಯಿ ಒಂದೇ ವರ್ಷದಲ್ಲಿ ಮಾಗಿ ಬೀಳುತ್ತದೆ, ಒಗರು ಕಡಿಮೆ. ಕೆಂಪು ಓಕ್‌ನದು ಮಾಗಲು ಎರಡು ವರ್ಷ, ಒಗರು ಜಾಸ್ತಿ. ಬಿಳಿ ಓಕ್ ಕಾಯಿ ಉದುರುವಾಗ ಜಿಂಕೆ ಮೆಕ್ಕೆಜೋಳವನ್ನೂ ಬಿಟ್ಟು ಅದರ ಬುಡಕ್ಕೆ ಹೋಗುತ್ತದೆ. ಗುಡ್ಡದ ಕೆಳಭಾಗದಲ್ಲಿ ಕಾಯಿ ತುಂಬಿದ ಬಿಳಿ ಓಕ್ ಒಂದು ಸಿಕ್ಕಿ, ಸುತ್ತ ಹಸಿ ಹಿಕ್ಕೆ, ಒಡೆದ ಸಿಪ್ಪೆ ಬಿದ್ದಿದ್ದರೆ ಅಕ್ಟೋಬರ್ ಮೊದಲ ಸಂಜೆಗಳಿಗೆ ಅದೇ ನಿಮ್ಮ ಹೊಲ. ಎಲ್ಲ ವರ್ಷವೂ ಎಲ್ಲ ಮರವೂ ಕಾಯಿ ಬಿಡಲ್ಲ, ಆಗಸ್ಟ್‌ನಲ್ಲೇ ದುರ್ಬೀನು ಹಿಡಿದು ಕೊಂಬೆ ನೋಡಿ ಬನ್ನಿ.

ಇಷ್ಟಾದ ಮೇಲೆ ಮರ. ನೇರ, ಹಸಿ, ಗಟ್ಟಿ ಮರ ಇರಬೇಕು. ದಪ್ಪ ಎಷ್ಟಿರಬೇಕು ಅನ್ನುವುದು ಸ್ಟ್ಯಾಂಡಿನ ಕೈಪಿಡಿಯಲ್ಲಿ ಇರುತ್ತದೆ, ಅದನ್ನು ಮೀರಬೇಡಿ. ಆಶ್ ಮರಕ್ಕೆ ಮಾತ್ರ ಹತ್ತಲೇಬೇಡಿ. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಕೀಟ 2002ರಲ್ಲಿ ಮಿಶಿಗನ್‌ನ ಡೆಟ್ರಾಯಿಟ್ ಹತ್ತಿರ ಕಾಣಿಸಿಕೊಂಡಿತು, 2008ರಲ್ಲಿ ವಿಸ್ಕಾನ್ಸಿನ್‌ಗೂ ಬಂತು. ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ಸತ್ತ ಆಶ್ ನೋಡಲು ನೆಟ್ಟಗೇ ನಿಂತಿರುತ್ತದೆ, ಒಳಗೆ ಹಪ್ಪಳದಷ್ಟು ಪೆಡಸು. ತೊಗಟೆಯಲ್ಲಿ ಇಂಗ್ಲಿಷ್ ‘ಡಿ’ ಆಕಾರದ ಸಣ್ಣ ತೂತುಗಳು, ಮರಕುಟಿಗ ಕುಕ್ಕಿ ತೆಳ್ಳಗೆ ಬಿಳುಚಿದ ಪಟ್ಟಿಗಳು ಕಂಡರೆ ಅದೇ. ಎಲೆ ಇಲ್ಲದ ಕಾಲದಲ್ಲಿ ಮರ ಗುರುತಿಸಲು ಕಷ್ಟ, ಹಾಗಾಗಿ ಬೇಸಿಗೆಯಲ್ಲೇ ಒಂದು ಸಲ ನೋಡಿ ಗುರುತು ಹಾಕಿಡಿ. ತಲೆಯ ಮೇಲೆ ಒಣಗಿದ ಕೊಂಬೆ ತೂಗುತ್ತಿದೆಯಾ ಅಂತಲೂ ನೋಡಿ. ಕಾಂಡಕ್ಕೆ ರೋಮದಂಥ ಬೇರುಗಳಿಂದ ಅಂಟಿಕೊಂಡ ಬಳ್ಳಿ ಇದ್ದರೆ ಅದು ಪಾಯ್ಸನ್ ಐವಿ ಇರಬಹುದು, ಎಲೆ ಇಲ್ಲದಿದ್ದರೂ ಮುಟ್ಟಿದರೆ ಮೈಯೆಲ್ಲ ಗುಳ್ಳೆ.

ಮರೆ ಎತ್ತರಕ್ಕಿಂತ ಮುಖ್ಯ. ಕಂಬದಂಥ ಬೋಳು ಮರದಲ್ಲಿ 25 ಅಡಿ ಮೇಲೆ ಕೂತರೂ ಆಕಾಶದ ಎದುರು ನೀವು ಕಪ್ಪಗೆ ಕಾಣುತ್ತೀರಿ. ಎರಡು ಮೂರು ಕಾಂಡ ಒಟ್ಟಿಗೆ ಎದ್ದ ಮರ, ಬೆನ್ನಿಗೆ ದಟ್ಟ ಕೊಂಬೆ, ಒಣಗಿದ ಎಲೆಯನ್ನು ಚಳಿಗಾಲದವರೆಗೂ ಹಿಡಿದುಕೊಳ್ಳುವ ಎಳೆ ಓಕ್‌ಗಳು, ಇವು ಸಿಕ್ಕರೆ 15 ಅಡಿ ಸಾಕು. ಜಿಂಕೆಗೆ ಕಿತ್ತಳೆ ಬಣ್ಣ ನಮಗೆ ಹೊಳೆದಂತೆ ಹೊಳೆಯಲ್ಲ, ಆದರೆ ಕೈ ಅಲ್ಲಾಡಿದ್ದು ಥಟ್ಟನೆ ಕಾಣುತ್ತದೆ. ಜಾಸ್ತಿ ಎತ್ತರ ಹೋದಷ್ಟೂ ಬಾಣ ಕಡಿದಾಗಿ ಇಳಿಯುತ್ತದೆ. ಎರಡೂ ಶ್ವಾಸಕೋಶ ಹಾದುಹೋಗುವ ಬದಲು ಒಂದಕ್ಕೆ ಮಾತ್ರ ತಗಲುವ ಅಪಾಯ ಇದೆ. ಗಾಯಗೊಂಡ ಜಿಂಕೆ ಸಿಗದೆ ಹೋಗುವುದಕ್ಕಿಂತ ಕೆಟ್ಟದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ. ಮರ ಆರಿಸುವಾಗಲೇ ಆ ಪ್ರಾಣಿ ನೋವಿಲ್ಲದೆ ಬೇಗ ಸಾಯುವ ಕೋನ ಸಿಗುತ್ತದಾ ಅಂತ ಕೇಳಿಕೊಳ್ಳಿ. ಇಳಿಜಾರಿನಲ್ಲಿ ಇನ್ನೊಂದು ಎಚ್ಚರಿಕೆ: ನಿಮ್ಮ ಮರದ ಬುಡದಿಂದ 20 ಅಡಿ ಅಂದರೆ, ಮೇಲ್ಕಡೆಯ ಜಾಡಿನಲ್ಲಿ ಬರುವ ಜಿಂಕೆಯ ಕಣ್ಣಿಗೆ ನೀವು ಸರಿಸಮ ಇರಬಹುದು. ಜಾಡಿನ ಮೇಲೆ ನಿಂತು ಸ್ಟ್ಯಾಂಡಿನ ಕಡೆ ನೋಡಿ ಪರೀಕ್ಷಿಸಿ.

ಬಾಣದ ದಾರಿಗೆ ಅಡ್ಡ ಬರುವ ರೆಂಬೆಗಳನ್ನು ಬೇಸಿಗೆಯಲ್ಲೇ ಸವರಿ, ಎರಡು ಮೂರು ಕಿಂಡಿ ಸಾಕು. ಇದಕ್ಕೂ ಜಮೀನಿನವರನ್ನು ಕೇಳಿ. ಸರ್ಕಾರಿ ಜಮೀನಿನಲ್ಲಿ ಕೊಂಬೆ ಕಡಿಯುವುದು, ಮರಕ್ಕೆ ಮೊಳೆ ಅಥವಾ ಸ್ಕ್ರೂ ಹೊಡೆಯುವುದು ಬಹಳ ಕಡೆ ನಿಷೇಧ. ಸ್ಟ್ಯಾಂಡನ್ನು ರಾತ್ರಿ ಬಿಡಬಹುದಾ ಅನ್ನುವುದಕ್ಕೂ ರಾಜ್ಯಕ್ಕೊಂದು ನಿಯಮ ಇದೆ.

ಬೆಲ್ಟು ಇಲ್ಲದೆ ಮರ ಹತ್ತಬೇಡಿ. ಇದರಲ್ಲಿ ಚರ್ಚೆ ಇಲ್ಲ. ಇಡೀ ಮೈಗೆ ಹಾಕುವ ಹಾರ್ನೆಸ್ ಬೇಕು, ಸೊಂಟದ ಪಟ್ಟಿ ಮಾತ್ರ ಸಾಲದು. ನೆಲ ಬಿಡುವ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೂ ಮರಕ್ಕೆ ಕಟ್ಟಿಕೊಂಡಿರಬೇಕು. ಜನ ಬೀಳುವುದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗ, ಮೆಟ್ಟಿಲಿನಿಂದ ಸ್ಟ್ಯಾಂಡಿಗೆ ಕಾಲಿಡುವಾಗ. ಮೇಲಿಂದ ಬುಡದವರೆಗೆ ಲೈಫ್‌ಲೈನ್ ಹಗ್ಗ ಒಂದು ಕಟ್ಟಿದರೆ ಇದು ಸುಲಭ. ಕೂತಾಗ ಹಾರ್ನೆಸ್ಸಿನ ಹಗ್ಗ ಸಡಿಲ ಇರಬಾರದು. ಬಿದ್ದು ನೇತಾಡಿದರೆ ತೊಡೆಯ ಪಟ್ಟಿ ರಕ್ತ ತಡೆದು ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಕುತ್ತು, ಕಾಲೂರಿ ನಿಲ್ಲಲು ರಿಲೀಫ್ ಸ್ಟ್ರಾಪ್ ಜೇಬಿನಲ್ಲಿರಲಿ. ಬಿಲ್ಲನ್ನು ಹಗ್ಗದಲ್ಲಿ ಎಳೆದುಕೊಳ್ಳಿ. ಯಾವ ಮರ, ಎಷ್ಟು ಗಂಟೆಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ಮರ ಬೆಳೆದು ಸ್ಟ್ಯಾಂಡಿನ ಪಟ್ಟಿಗಳನ್ನು ಬಿಗಿಯುತ್ತದೆ, ಬಿಸಿಲು-ಮಳೆ ಅವನ್ನು ಕೊರೆಯುತ್ತದೆ. ಹಾಗಾಗಿ ಸೀಸನ್ ಮುಗಿದ ಮೇಲೆ ಎಲ್ಲವನ್ನೂ ಇಳಿಸಿ. ನಿಮ್ಮ ಸ್ಟ್ಯಾಂಡ್ ಈಗಿನ್ನೂ ಆ ಅಂಚಿನ ಮರದಲ್ಲೇ ಇದ್ದರೆ ಹೋಗಿ ತೆಗೆಯಿರಿ.

ನೆತ್ತಿಯವರೆಗೆ ಗೆಳೆಯರದು ಅಂದಿರಿ, ಅಂದರೆ ಆಚೆ ಬೇರೆಯವರದು. ಏಣಿನ ಆ ತಗ್ಗಿನಲ್ಲಿ ಕೂರುವ ಮುಂಚೆ ಆಚೆಯವರ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಬಾಣ ತಗಲಿದ ಜಿಂಕೆ ನೂರು ಗಜ ಓಡುವುದು ಮಾಮೂಲು. ಅದು ಗಡಿ ದಾಟಿದರೆ ಅವರ ಅನುಮತಿ ಇಲ್ಲದೆ ನೀವು ಹಿಂದೆ ಹೋಗುವಂತಿಲ್ಲ. ಅನುಮತಿ ಸಿಗದಿದ್ದರೆ ಸ್ಟ್ಯಾಂಡನ್ನು ಗಡಿಯಿಂದ ಚೆನ್ನಾಗಿ ಕೆಳಗೆ ತನ್ನಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುವ ಒಂಬತ್ತು ದಿನದ ಬಂದೂಕಿನ ಸೀಸನ್‌ನಲ್ಲಿ ಬಿಲ್ಲು ಹಿಡಿದವರೂ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಫ್ಲೋರೆಸೆಂಟ್ ಬಟ್ಟೆ ಹಾಕಲೇಬೇಕು. ಆ ದಿನಗಳಲ್ಲಿ ಸುತ್ತಲಿನ ಜನರ ಓಡಾಟಕ್ಕೆ ಜಿಂಕೆ ದಟ್ಟ ಪೊದೆ ಸೇರುತ್ತದೆ. ಆಗಲೂ ಅದೇ ತಗ್ಗು ಕೆಲಸಕ್ಕೆ ಬರುತ್ತದೆ, ತಪ್ಪಿಸಿಕೊಳ್ಳುವ ಜಿಂಕೆಗೂ ಅದೇ ದಾರಿ.

ಯಾವ ಸ್ಟ್ಯಾಂಡಾದರೂ ಮೊದಲ ಸಲ ಕೂತಾಗಲೇ ಅತ್ಯಂತ ಒಳ್ಳೆಯದು. ಪ್ರತಿ ಸಲ ಕೂತಾಗಲೂ ಸ್ವಲ್ಪ ಹಳಸುತ್ತದೆ. ಹಾಗಾಗಿ ಸಂಜೆಯ ಮರವನ್ನು ಅಕ್ಟೋಬರ್ ಕೊನೆಯ ಒಂದು ತಣ್ಣನೆಯ ವಾಯವ್ಯದ ದಿನಕ್ಕೆ ಕಾಯ್ದಿಡಿ. ಅಲ್ಲಿಯವರೆಗೆ ಹಳ್ಳದ ದಕ್ಷಿಣ ತುದಿಯಲ್ಲಿ, ದೂರದಿಂದ, ದುರ್ಬೀನಿನಲ್ಲಿ ನೋಡುತ್ತಾ ಕೂರಿ. ಕ್ಯಾಮೆರಾವನ್ನು ಹೊಲದ ಅಂಚಿನಿಂದ ಕಿತ್ತು 80–100 ಗಜ ಮೇಲೆ, ಜಾಡು ಕವಲೊಡೆಯುವ ಕಡೆ ಕಟ್ಟಿ. ಅದರ ಕಾರ್ಡ್ ತೆಗೆಯಲು ಆಗಾಗ ಹೋಗಬೇಡಿ. ಹೋಗಲೇಬೇಕಾದರೆ ಮಳೆ ಬೀಳುವ ಮಧ್ಯಾಹ್ನ, ಹಳ್ಳದ ದಾರಿಯಲ್ಲೇ ಹೋಗಿ ಬನ್ನಿ.